ತೊಂದೋನಿಯಾ ಬಾಟಲಿಗೆ ಒಂದು ದಿನ ಕೊಡಿ

ಸ್ಪೇನಿನ ಕೆಂಪು ವೈನ್ ವಿನ್ಯಾ ತೊಂದೋನಿಯಾದ ನನ್ನ ಮೊದಲ ಬಾಟಲಿಯನ್ನು ಹಾಳು ಮಾಡಿದ್ದು ನಾನೇ. ಸಂಜೆ ಕೈಗೆ ಬಂತು, ರಾತ್ರಿಯೇ ತೆರೆದೆ. ಕಾರ್ಕ್ ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಒಳಗೆ ತಳ್ಳಿ, ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ಅಷ್ಟರಲ್ಲಿ ತಳದ ಚರಟವೆಲ್ಲ ಕದಡಿ ಮೇಲೆದ್ದಿತ್ತು. ಎರಡು ಗುಟುಕು ಕುಡಿದು, ‘ಇಷ್ಟಕ್ಕೇ ಇಷ್ಟೊಂದು ಹೆಸರಾ?’ ಅಂದುಬಿಟ್ಟೆ. ಈಗ ಹಾಗೆ ಮಾಡುವುದಿಲ್ಲ.

ಮೊದಲು ಲೇಬಲ್ ನೋಡಿ. ‘ರೆಸೆರ್ವಾ’ (ವರ್ಷಗಟ್ಟಲೆ ಇಟ್ಟು ಹದ ಮಾಡಿದ ವೈನ್) ಅಂತಿದ್ದರೆ ಈ ಬರಹ ಅದಕ್ಕೇ. ಸ್ಪೇನಿನ ರಿಯೋಹಾ ಪ್ರದೇಶದ ನಿಯಮದ ಪ್ರಕಾರ ಕೆಂಪು ರೆಸೆರ್ವಾವನ್ನು ಒಟ್ಟು 3 ವರ್ಷ ಇಟ್ಟರೆ ಸಾಕು, ಅದರಲ್ಲಿ ಪೀಪಾಯಿಯಲ್ಲಿ 1 ವರ್ಷ. ಈ ವೈನ್ ಮಾಡುವ ಲೋಪೆಸ್ ದೆ ಎರೆದಿಯಾ ಮನೆತನದವರು ತೊಂದೋನಿಯಾವನ್ನು ಪೀಪಾಯಿಯಲ್ಲೇ ಸುಮಾರು 6 ವರ್ಷ ಇಡುತ್ತಾರೆ, ಆಮೇಲೆ ಬಾಟಲಿಯಲ್ಲೂ ಕೆಲವು ವರ್ಷ. ಹಾಗಾಗಿ ಲೇಬಲ್ ಮೇಲಿನ ಕೊಯ್ಲಿನ ಇಸವಿ ತುಂಬಾ ಹಿಂದಿನದು ಅನ್ನಿಸಿದರೆ ಹಳೇ ಸ್ಟಾಕ್ ಅಂತ ಅನುಮಾನ ಪಡಬೇಡಿ. ಕಾಯುವ ಕೆಲಸವನ್ನು ಅವರೇ ಮುಗಿಸಿ ಕೊಟ್ಟಿದ್ದಾರೆ.

ಕುಡಿಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಈ ವೈನನ್ನು ಮೊಟ್ಟೆಯ ಬಿಳಿ ಹಾಕಿ ತಿಳಿಗೊಳಿಸುತ್ತಾರೆ, ವರ್ಷಕ್ಕೆ ಎರಡು ಸಲ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬದಲಿಸುತ್ತಾರೆ, ಆದರೆ ಫಿಲ್ಟರ್ ಮಾಡುವುದಿಲ್ಲ. ಬಾಟಲಿಯಲ್ಲಿ ಚರಟ ಇದ್ದೇ ಇರುತ್ತದೆ. ಒಂದು ದಿನ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅಲುಗಾಡಿಸಬೇಡಿ, ಎತ್ತಿ ಎತ್ತಿ ತೋರಿಸಲೂಬೇಡಿ.

ಆ ಪೀಪಾಯಿಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಓಕ್ ಮರ ತರಿಸಿ, ಆರೊ ಊರಿನ ತಮ್ಮದೇ ಕಾರ್ಖಾನೆಯಲ್ಲಿ ಮಾಡಿಕೊಳ್ಳುತ್ತಾರೆ. ರಫಾಯೆಲ್ ಲೋಪೆಸ್ ದೆ ಎರೆದಿಯಾ 1877ರಲ್ಲಿ ಶುರುಮಾಡಿದ ವೈನ್ ಮನೆ ಅದು. ಎಬ್ರೊ ನದಿ ತಿರುಗುವ ಕಡೆ, 1913-14ರಲ್ಲಿ, ತೊಂದೋನಿಯಾ ತೋಟ ಹಾಕಿಸಿದವರೂ ಅವರೇ. ಸುಮಾರು ನೂರು ಹೆಕ್ಟೇರು! ಈಗ ನಾಲ್ಕನೇ ತಲೆಮಾರು ನೋಡಿಕೊಳ್ಳುತ್ತಿದೆ. ನೆಲಮಾಳಿಗೆಯಲ್ಲಿ ಜೇಡರ ಬಲೆ ಪರದೆಯ ಹಾಗೆ ಜೋತಾಡುತ್ತದೆ. ಕಾರ್ಕಿಗೆ ಬರುವ ಪತಂಗವನ್ನು ಜೇಡ ತಿನ್ನುತ್ತದೆ ಅಂತ ಗುಡಿಸುವುದಿಲ್ಲ. ಮನೆಯ ಮೂಲೆ ಗುಡಿಸದವರಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಸರಿ, ಕಾರ್ಕ್. ಇಷ್ಟು ವರ್ಷ ನೆನೆದ ಕಾರ್ಕ್ ಮೆತ್ತಗಾಗಿರುತ್ತದೆ. ತಿರುಪನ್ನು ನಟ್ಟನಡುವೆ ಇಳಿಸಿ, ನಿಧಾನಕ್ಕೆ ಮೇಲೆಳೆಯಿರಿ. ಅನುಮಾನವಿದ್ದರೆ ಎರಡು ತೆಳು ಕಡ್ಡಿಗಳ ಓಪನರ್ ಒಳ್ಳೆಯದು. ಕಡ್ಡಿಗಳನ್ನು ಕಾರ್ಕಿನ ಎರಡೂ ಬದಿಗೆ ತೂರಿಸಿ, ತಿರುಗಿಸುತ್ತಾ ಎಳೆಯಬೇಕು. ಅದನ್ನು ತಂದುಕೊಂಡ ಮೇಲೆ ನನ್ನ ಟೀ ಜಾಲರಿ ಟೀಗೆ ಮಾತ್ರ.

ವೈನ್ 16ರಿಂದ 18 ಡಿಗ್ರಿಯಲ್ಲಿರಲಿ. ಬಿಸಿಯಾದರೆ ಮದ್ಯದ ಘಾಟು ಮೊದಲು ಹೊಡೆಯುತ್ತದೆ. ಬಾಟಲಿ ಬೆಚ್ಚಗಿದ್ದರೆ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಡಿ, ಅಲ್ಲೂ ನೆಟ್ಟಗೆ.

ಒಂದೇ ಸಮನೆ ನಿಧಾನವಾಗಿ ಸುರಿಯಿರಿ. ನಡುನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಚರಟ ಮತ್ತೆ ಏಳುತ್ತದೆ. ಅದಕ್ಕೇ ಎಲ್ಲರ ಲೋಟಗಳನ್ನೂ ಸಾಲಾಗಿ ಜೋಡಿಸಿಟ್ಟುಕೊಳ್ಳಿ. ಲೋಟಕ್ಕೆ ಮೂರನೇ ಒಂದು ಭಾಗ ಸಾಕು. ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಚರಟ ಬರುವುದು ಕಾಣುತ್ತದೆ. ಕಂಡ ಕೂಡಲೇ ನಿಲ್ಲಿಸಿ.

ಆಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ. ನಾನು ತಪ್ಪಿದ್ದು ಇಲ್ಲೇ. ಮೊದಲಿಗೆ ಬರೀ ಹುಳಿ, ಸ್ವಲ್ಪ ಹಳೇ ಮರದ ವಾಸನೆ. ದಪ್ಪ, ಸಿಹಿ ಹಣ್ಣಿನ ವೈನ್ ಬೇಕೆಂದವರಿಗೆ ಇದು ನಿರಾಸೆಯೇ. ಗಾಳಿಯಾಡಿದ ಮೇಲೆ ಒಣ ಚೆರ್ರಿ, ತೊಗಲು, ಕಿತ್ತಳೆ ಸಿಪ್ಪೆ ಒಂದೊಂದಾಗಿ ಬರುತ್ತವೆ. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ವಯಸ್ಸು. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿದೆ. ಅಂಗಡಿಗೆ ವಾಪಸ್ ಒಯ್ಯಿರಿ.

ಊಟಕ್ಕೆ ರಿಯೋಹಾದವರ ದಾರಿಯೇ ಸರಿ. ಕತ್ತರಿಸಿದ ದ್ರಾಕ್ಷಿ ಬಳ್ಳಿಯ ಕಡ್ಡಿ ಉರಿಸಿ, ಆ ಕೆಂಡದ ಮೇಲೆ ಎಳೆ ಕುರಿಯ ಪಕ್ಕೆಲುಬು ಸುಡುತ್ತಾರೆ, ಮೇಲೆ ಉಪ್ಪು ಅಷ್ಟೇ. ಖಾರ ಜಾಸ್ತಿಯಾದರೆ ಈ ವೈನಿನ ದನಿಯೇ ಕೇಳುವುದಿಲ್ಲ.

ಉಳಿದರೆ ಕಾರ್ಕ್ ಒತ್ತಿ ಫ್ರಿಜ್‌ನಲ್ಲಿಡಿ. ಎರಡನೇ ದಿನದ ಲೋಟವೇ ನನಗೆ ಹೆಚ್ಚು ಇಷ್ಟ. ಯಾರಾದರೂ ಬಂದರೆ ಮುಗಿದುಹೋಯಿತು ಅನ್ನುತ್ತೇನೆ.