ಕರಿ ಎಂಜಿನ್ ಫೋಟೋ ಬೂದಿ ಬಣ್ಣಕ್ಕೆ ಬರುತ್ತಿದೆಯಾ?

ನಮ್ಮ ಕಾರವಾರದಲ್ಲಿ ಉಗಿಬಂಡಿ ಎಲ್ಲಿ ಸಿಗಬೇಕು? ಕೊಂಕಣ ರೈಲು ಪೂರ್ತಿ ಶುರುವಾಗಿದ್ದೇ 1998ರಲ್ಲಿ, ಅಷ್ಟೊತ್ತಿಗೆ ಉಗಿಬಂಡಿಗಳ ಕಾಲ ಹೆಚ್ಚುಕಡಿಮೆ ಮುಗಿದಿತ್ತು. ಹಾಗಾಗಿ ನಮ್ಮ ಫೋಟೋ ಕ್ಲಬ್‌ನವರಿಗೆ ಮೈಸೂರಿನ ರೈಲು ಮ್ಯೂಸಿಯಮ್ಮೇ ಗತಿ. ಹೋದ ಸಲ ನನ್ನ ಫೋಟೋಗಳೆಲ್ಲ ಬೂದಿ ಬಳಿದ ಹಾಗೆ ಬಂದವು. ತಪ್ಪು ನನ್ನದೇ. ಫ್ರೇಮ್ ತುಂಬ ಕಪ್ಪಿದ್ದರೆ ಕ್ಯಾಮೆರಾ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕಿನ ಮಟ್ಟ, ಮೈನಸ್ 1ಕ್ಕೆ ಇಳಿಸಿ, ಕಪ್ಪು ಕಪ್ಪಾಗೇ ಬರುತ್ತದೆ. ಮೊಬೈಲ್ ಆದರೆ ಎಂಜಿನ್ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ.

ನಡುಮಧ್ಯಾಹ್ನ ಹೋಗಬೇಡಿ, ಸುಮ್ನೆ ದಂಡ. ಓರೆ ಬಿಸಿಲಲ್ಲಿ ತಗಡು ಜೋಡಿಸಿದ ಒಂದೊಂದು ರಿವೆಟ್ ಮೊಳೆಯೂ ತನ್ನ ಪುಟ್ಟ ನೆರಳಿನ ಜೊತೆ ಎದ್ದು ಕಾಣುತ್ತದೆ.

ಹೊರಡುವ ಮೊದಲು ಬೈತಖೋಲ ಬಂದರಿನಲ್ಲಿ ಯಾವುದಾದರೂ ಕಪ್ಪು ದೋಣಿಯ ಮೇಲೆ ಒಮ್ಮೆ ಕೈ ಪಳಗಿಸಿಕೊಳ್ಳಿ. ಸಂಜೆ ನಾನೂ ಅಲ್ಲೇ ಇರುತ್ತೇನೆ.