ಉಪ್ಪುನೀರಿನ ಟ್ಯಾಂಕಿಗೆ ಡ್ರೈ ರಾಕ್ ಎಷ್ಟು ಬೇಕು? ತೂಕ ಬಿಡಿ, ಜಾಗ ನೋಡಿ

ಸಮುದ್ರದ ಮೀನು ಸಾಕೋಕೆ ಉಪ್ಪುನೀರಿನ ಟ್ಯಾಂಕ್ ಮಾಡಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ಡ್ರೈ ರಾಕ್, ಅಂದರೆ ಜೀವವಿಲ್ಲದ ಒಣ ಕಲ್ಲು, ಎಷ್ಟು ಕೆಜಿ ತರಲಿ? ನಾನೂ ಹಾಗೇ ಕೇಳಿದ್ದೆ. ನನ್ನದು 3 ಅಡಿ ಟ್ಯಾಂಕ್. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಅಂಗಡಿಯವರು "ಇದಕ್ಕೆ 22 ಕೆಜಿ ಬೇಕೇ ಬೇಕು ಸಾರ್" ಅಂದರು, ಅಷ್ಟೂ ತಂದೆ. ಹಿಂದಿನ ಗಾಜಿಗೆ ಒರಗಿಸಿ ಮೇಲಿನವರೆಗೂ ಪೇರಿಸಿದೆ. ಕೆಲವು ತಿಂಗಳಲ್ಲಿ ಆ ಕಲ್ಲಿನ ಗೋಡೆಯ ಹಿಂದೆ ಕೊಳೆ ಕೂತು, ವಾರವಾರ ನೀರು ಬದಲಿಸಿದರೂ ಕೊಳೆಯಿಂದ ಹುಟ್ಟುವ ನೈಟ್ರೇಟ್ ಇಳಿಯಲೇ ಇಲ್ಲ. ಅದರ ಜೊತೆಗೆ ಒಂದು ಡ್ಯಾಮ್ಸೆಲ್ ಮಿಕ್ಕ ಮೀನುಗಳನ್ನು ಕಚ್ಚೋಕೆ ಶುರು ಮಾಡಿತು. ಅದನ್ನು ಹಿಡಿಯಬೇಕು ಅಂದರೆ ಎಲ್ಲ ಕಲ್ಲನ್ನೂ ಹೊರಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ತೆಗೆದ 22 ಕೆಜಿಯಲ್ಲಿ ವಾಪಸ್ ಹಾಕಿದ್ದು 11 ಕೆಜಿ. ಆಮೇಲೆ ನೀರು ಹಿಂದೆಮುಂದೆ ಸರಿಯಾಗಿ ಓಡಾಡಿತು, ಮೀನುಗಳೂ ಓಡಾಡಿದವು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಗ್ಯಾಲನ್ನಿಗೆ 1ರಿಂದ 2 ಪೌಂಡ್ ಅನ್ನುವ ಹಳೆಯ ಲೆಕ್ಕ ಒಂದಿದೆ, ಅದನ್ನೇ ಹೇಳಿದ್ದರು. ನಮ್ಮ ಅಳತೆಯಲ್ಲಿ 100 ಲೀಟರಿಗೆ 12ರಿಂದ 24 ಕೆಜಿ ಆಗುತ್ತದೆ. ಅದು ಸಮುದ್ರದಿಂದ ಜೀವಿಗಳ ಸಮೇತ ತಂದ ಲೈವ್ ರಾಕ್ ಬಳಸುತ್ತಿದ್ದ ಕಾಲದ ಲೆಕ್ಕ. ಆಗ ಕಲ್ಲೇ ಫಿಲ್ಟರ್, ಮೀನಿನ ಹೊಲಸು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲೇ ಕೂರುತ್ತಿತ್ತು, ಹಾಗಾಗಿ ಜಾಸ್ತಿ ಹಾಕುತ್ತಿದ್ದರು. ಈಗ ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಇದೆ, ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ ಅಂದರೆ ಸಂಪ್ ಇದೆ, ಸಂಪಿನೊಳಗೆ ಸೆರಾಮಿಕ್ ಮೀಡಿಯಾ ಇದೆ. ಬ್ಯಾಕ್ಟೀರಿಯಾ ಕೂರೋಕೆ ಕಲ್ಲೊಂದೇ ಜಾಗ ಅಲ್ಲ. ಹಗುರವಾದ, ತೂತುತೂತಾದ ಡ್ರೈ ರಾಕ್ ಆದರೆ 100 ಲೀಟರಿಗೆ 6ರಿಂದ 8 ಕೆಜಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸಂಪ್ ಇಲ್ಲದ ಸಣ್ಣ ಟ್ಯಾಂಕಾದರೆ 10ರವರೆಗೆ ಹೋಗಿ.

ಆದರೆ ಈ ಸಂಖ್ಯೆ ಅಂಗಡಿಗೆ ಹೋಗುವಾಗ ಜೇಬಲ್ಲಿ ಎಷ್ಟು ದುಡ್ಡಿರಬೇಕು ಅಂತ ತಿಳಿಯೋಕೆ ಮಾತ್ರ. ಒಂದೇ ತೂಕದ ಎರಡು ಕಲ್ಲು ಒಂದೇ ಗಾತ್ರ ಇರುವುದಿಲ್ಲ ಅಲ್ವಾ? ಗಟ್ಟಿ ಕಲ್ಲು 5 ಕೆಜಿ ಅಂದರೆ ಎರಡು ಮುಷ್ಟಿಯಷ್ಟು ಚೂರುಗಳು ನಾಲ್ಕೈದು ಬರಬಹುದು. ತೂತಿರುವ ಕಲ್ಲು ಅದೇ 5 ಕೆಜಿಗೆ ಅರ್ಧ ಟ್ಯಾಂಕ್ ತುಂಬಿದ ಹಾಗೆ ಕಾಣುತ್ತದೆ. ಯಾವುದು ಎಂಥದ್ದು ಅಂತ ಮನೆಯಲ್ಲೇ ನೋಡಬಹುದು. ಒಣಗಿದ ಕಲ್ಲಿನ ಒಂದು ತುಂಡನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬಕೆಟ್ ನೀರಿಗೆ ಬಿಡಿ. ಒಳ್ಳೆ ಕಲ್ಲಾದರೆ ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ, ಕಿವಿ ಹತ್ತಿರ ತಂದರೆ ಚುಯ್ ಅನ್ನುವ ಸದ್ದೂ ಕೇಳುತ್ತದೆ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಮೇಲಿನ ನೀರು ಇಳಿಸಿ ಮತ್ತೆ ತೂಗಿ. ನನ್ನ ಹತ್ತಿರ ಇದ್ದ ಎರಡು ಥರದ ಕಲ್ಲಿನಲ್ಲಿ ಒಂದು 1 ಕೆಜಿ ಇದ್ದದ್ದು 1 ಕೆಜಿ 80 ಗ್ರಾಂ ಆಯಿತು, ಇನ್ನೊಂದು 1 ಕೆಜಿ 300 ಗ್ರಾಂ. ಆ 300 ಗ್ರಾಂ ನೀರು ಕೂತ ಜಾಗವೇ ಬ್ಯಾಕ್ಟೀರಿಯಾದ ಮನೆ. ದುಡ್ಡು ಜಾಸ್ತಿ ಆದರೂ ಎರಡನೆಯದನ್ನೇ ತನ್ನಿ, ಕಡಿಮೆ ತೂಕದಲ್ಲಿ ಕೆಲಸ ಮುಗಿಯುತ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ಮುರ್ಡೇಶ್ವರದ ಹತ್ತಿರದ ನೇತ್ರಾಣಿಗೆ ಹೋದಾಗಲೋ ಬೇರೆ ಯಾವ ಕಡಲತೀರದಲ್ಲೋ ಹವಳದ ತುಂಡು ಸಿಕ್ಕಿದರೆ ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತಿದ್ದು ಅಂತ ಬಿಡುವುದಿಲ್ಲ. ಕಾನೂನು ಹಾಗಿರಲಿ, ಆ ತುಂಡು ಅಲ್ಲಿರುವ ಜೀವಿಗಳಿಗೆ ಬೇಕು. ಸೆರಾಮಿಕ್ ಅಥವಾ ಕೈಯಲ್ಲಿ ಮಾಡಿದ ಡ್ರೈ ರಾಕ್ ಸಿಗುತ್ತದೆ, ಅದನ್ನೇ ಕೊಳ್ಳಿ.

ಈಗ ಜಾಗದ ಲೆಕ್ಕ. ಟ್ಯಾಂಕಿಗೆ ಕಲ್ಲು ಹಾಕುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಟ್ಯಾಂಕಿನ ತಳ ಬರೆಯಿರಿ. ನನ್ನದಕ್ಕೆ 90 ಬೈ 45. ಅದರೊಳಗೆ ಇನ್ನೊಂದು ಚೌಕ ಬರೆಯಿರಿ, ಮುಂದಿನ ಗಾಜಿನಿಂದ 8 ಸೆಂಟಿಮೀಟರ್, ಮಿಕ್ಕ ಮೂರು ಕಡೆ 5 ಸೆಂಟಿಮೀಟರ್ ಬಿಟ್ಟು. ಒಳಗೆ ಉಳಿಯುವುದು 80 ಬೈ 32. ಕಲ್ಲು ಈ ಒಳಗಿನ ಗೆರೆ ದಾಟಬಾರದು. ಪಾಚಿ ಉಜ್ಜುವ ಮ್ಯಾಗ್ನೆಟ್ ಸುತ್ತಲೂ ಆಡಬೇಕು, ಹಿಂದೆ ನೀರು ಹರಿಯಬೇಕು, ಅದಕ್ಕೇ ಇಷ್ಟು ಬಿಡುವುದು. ಎತ್ತರ ನೀರಿನ ಮಟ್ಟದ ಮೂರರಲ್ಲಿ ಎರಡು ಭಾಗ ಮೀರದಿರಲಿ. ಪೇರಿಸಿದ ಮೇಲೆ ಎದುರಿಗೆ ಕೂತು ನೋಡಿ. ಕಲ್ಲು ಮೂರರಲ್ಲಿ ಒಂದು ಭಾಗ ಕಾಣಿಸಿದರೆ ಸರಿ, ಅರ್ಧಕ್ಕಿಂತ ಜಾಸ್ತಿ ಕಂಡರೆ ತೆಗೆಯಿರಿ. ನಾನು ಎರಡು ಗುಡ್ಡ ಮಾಡುತ್ತೇನೆ, ಒಂದು ದೊಡ್ಡದು, ಒಂದು ಚಿಕ್ಕದು, ಮಧ್ಯೆ ಅಂಗೈ ಅಗಲದ ದಾರಿ. ಗುಡ್ಡದೊಳಗೆ ಕೈ ಹಾಕಿದರೆ ಬೆರಳು ಆಚೆ ಬರಬೇಕು. ಅಷ್ಟು ಟೊಳ್ಳು ಇದ್ದರೆ ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರಿನ ನೀರು ಒಳಗೆ ಹೊಕ್ಕು ಕೊಳೆ ಹೊರಗೆ ತಳ್ಳುತ್ತದೆ.

ಎಂಥ ಮೀನು ಸಾಕುತ್ತೀರಿ ಅನ್ನುವುದೂ ಇದರೊಳಗೇ ಬರುತ್ತದೆ. ಟ್ಯಾಂಗ್ ಜಾತಿಗೆ ಈಜೋಕೆ ಉದ್ದದ ಖಾಲಿ ಜಾಗ ಬೇಕು, ಕಲ್ಲು ಕಡಿಮೆ ಮಾಡಿ. ಡಾಟಿಬ್ಯಾಕ್‌ನಂಥ ಮೀನಿಗೆ ಅಡಗೋಕೆ ಸಂದುಗಳು ಬೇಕು, ಆದರೆ ಸಂದು ಜಾಸ್ತಿ ಆಗಬೇಕು ಅಂತ ತೂಕ ಜಾಸ್ತಿ ಮಾಡಬೇಕಿಲ್ಲ, ಜೋಡಿಸುವ ರೀತಿ ಬದಲಿಸಿದರೆ ಆಯಿತು. ಕೆಲವು ರ‍್ಯಾಸ್‌ಗಳು ರಾತ್ರಿ ಮರಳಿನೊಳಗೆ ಹೂತು ಮಲಗುತ್ತವೆ. ಅವಕ್ಕೆ ಬರೀ ಮರಳಿನ ಜಾಗ ಉಳಿಸಿ.

ಕಲ್ಲನ್ನು ಮರಳಿನ ಮೇಲೆ ಕೂರಿಸಬೇಡಿ. ಮೊದಲು ಕಲ್ಲು, ಅದು ತಳಕ್ಕೆ ಗಟ್ಟಿಯಾಗಿ ಕೂತ ಮೇಲೆ ಸುತ್ತ ಮರಳು. ಗೋಬಿ, ಪಿಸ್ಟಲ್ ಸೀಗಡಿ ಇವೆಲ್ಲ ಬುಡದಲ್ಲೇ ತೋಡುತ್ತವೆ, ಮರಳಿನ ಮೇಲೆ ನಿಂತ ಕಲ್ಲು ಒಂದು ರಾತ್ರಿ ಜಾರಿ ಗಾಜಿಗೆ ಬಡಿದರೆ ಕಥೆ ಮುಗಿಯಿತು. ಎರಡು ಕಲ್ಲು ಸೇರುವ ಕಡೆ ಫೆವಿಕ್ವಿಕ್ ಹನಿಸಿ, ಅದರ ಮೇಲೆ ಒಣ ಮರಳು ಉದುರಿಸಿ, ಮತ್ತೆ ಹನಿಸಿ. ಕ್ಷಣದಲ್ಲಿ ಕಲ್ಲಿನ ಹಾಗೇ ಗಟ್ಟಿಯಾಗುತ್ತದೆ. ಬಿಸಿಯಾಗಿ ಸ್ವಲ್ಪ ಹೊಗೆ ಬರುತ್ತದೆ, ಕಿಟಕಿ ತೆಗೆದಿಟ್ಟು ಮಾಡಿ, ಮುಖ ಹತ್ತಿರ ತರಬೇಡಿ.

ಉಪ್ಪು ಕಲಸುವಾಗ ಕಲ್ಲಿನ ಲೆಕ್ಕ ಮರೆಯುವವರು ತುಂಬ ಜನ. ಈ ಕಲ್ಲುಗಳು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಸುಮಾರು 2.8 ಕೆಜಿಗೆ 1 ಲೀಟರ್ ಜಾಗ ತಿನ್ನುತ್ತದೆ. ತೂತಿನೊಳಗೆ ನೀರೇ ಇರುವುದರಿಂದ ಹಗುರ ಕಲ್ಲಾದರೂ ಲೆಕ್ಕ ಇದೇ. ನನ್ನ ಟ್ಯಾಂಕಿನಲ್ಲಿ 40 ಸೆಂಟಿಮೀಟರ್‌ವರೆಗೆ ನೀರು ಅಂದರೆ 162 ಲೀಟರ್. 11 ಕೆಜಿ ಕಲ್ಲು 4 ಲೀಟರ್ ಕಳೆಯಿತು, 15 ಕೆಜಿ ಮರಳು 5 ಲೀಟರಿನ ಮೇಲೆ ಕಳೆಯಿತು. ಉಳಿದದ್ದು ಸುಮಾರು 152. ಔಷಧಿ ಹಾಕುವಾಗಲೂ ಈ 152ಕ್ಕೇ ಲೆಕ್ಕ ಹಾಕಬೇಕು, 162ಕ್ಕೆ ಅಲ್ಲ. ಉಪ್ಪನ್ನು ಮಾತ್ರ ಕೊನೆಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲೇ ನೋಡಿ, ಸಾಪೇಕ್ಷ ಸಾಂದ್ರತೆ 1.025 ಬಂದರೆ ನಿಲ್ಲಿಸಿ. ನೀರು ಆರ್‌ಒ ನೀರೇ ಇರಲಿ, ಬೋರ್‌ವೆಲ್ ನೀರು ಸುತರಾಂ ಬೇಡ.

ಡ್ರೈ ರಾಕಿನಲ್ಲಿ ಜೀವ ಇಲ್ಲ. ಹಾಗಾಗಿ ಬೇಡದ ಹುಳು, ಏಡಿ ಬರುವುದಿಲ್ಲ, ಬೇಕಾದ ಬ್ಯಾಕ್ಟೀರಿಯಾವೂ ಬರುವುದಿಲ್ಲ. ಟ್ಯಾಂಕ್ ಸೈಕಲ್ ಆಗೋಕೆ, ಅಂದರೆ ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಅರಗಿಸುವಷ್ಟು ಬ್ಯಾಕ್ಟೀರಿಯಾ ಬೆಳೆಯೋಕೆ, 4ರಿಂದ 6 ವಾರ ಹಿಡಿಯಬಹುದು. 2 ಪಿಪಿಎಂ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ಅಮೋನಿಯಾ ಹಾಕಿ, ಅದೂ ನೈಟ್ರೈಟೂ 24 ಗಂಟೆಯಲ್ಲಿ ಸೊನ್ನೆಗೆ ಇಳಿಯುವವರೆಗೆ ಒಂದು ಮೀನನ್ನೂ ಬಿಡಬೇಡಿ. ಈ ದಿನಗಳಲ್ಲಿ ಕಲ್ಲಿನ ಮೇಲೆ ಕಂದು ಪೊರೆ, ಆಮೇಲೆ ಹಸಿರು ಕೂದಲಿನಂಥ ಪಾಚಿ ಬರುತ್ತದೆ. ಹೆದರಿ ಇನ್ನಷ್ಟು ಕಲ್ಲು ತಂದು ಸುರಿಯುವವರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ, ತಡೆದುಕೊಳ್ಳಿ. ನೇರಳೆ ಬಣ್ಣದ ಕೊರಲೈನ್ ಪಾಚಿ ಹಿಡಿಯೋಕೆ ತಿಂಗಳುಗಳೇ ಬೇಕು.

ಇಷ್ಟಾದ ಮೇಲೂ ಅನುಮಾನ ಇದ್ದರೆ ಕಡಿಮೆ ಕಡೆಗೇ ಇರಿ. ಹವಳ ಬೆಳೆದು ಅಂಟಿಕೊಂಡ ಮೇಲೆ ಕಲ್ಲು ತೆಗೆಯುವುದು ಭಾರಿ ಕಷ್ಟ, ಹಾಕುವುದು ಸುಲಭ. ಅದನ್ನೂ ಸುಮ್ನೆ ತಂದು ಹಾಕಬೇಡಿ. ಹೊಸ ತುಂಡನ್ನು ಬ್ರಷ್‌ನಲ್ಲಿ ಉಜ್ಜಿ ತೊಳೆದು, ಬಕೆಟ್ ಉಪ್ಪುನೀರಿನಲ್ಲಿ ಒಂದು ಸಣ್ಣ ಪಂಪ್ ಇಟ್ಟು ಎರಡು ಮೂರು ವಾರ ಬಿಡಿ. ಆ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಎಷ್ಟಿದೆ ಅಂತ ಟೆಸ್ಟ್ ಮಾಡಿ. ಜಾಸ್ತಿ ಬಂದರೆ ನೀರು ಚೆಲ್ಲಿ ಹೊಸದು ತುಂಬಿ, ಇನ್ನೊಂದು ವಾರ ಬಿಟ್ಟು ಮತ್ತೆ ನೋಡಿ. ಇಳಿದ ಮೇಲೆ ಟ್ಯಾಂಕಿಗೆ ಹಾಕಿ, ಒಂದು ಸಲಕ್ಕೆ ಒಂದೇ ತುಂಡು.