ಕೆರಳಿಸಿದ್ದು ಗ್ಲೂಕೋಸೋ, ಬೇರೇನೋ? ಟಿಎಚ್‌ಪಿ-1 ಕೋಶಗಳೊಂದಿಗೆ ನನ್ನ ಅನುಭವ

ಸಕ್ಕರೆ ಹೆಚ್ಚಾದರೆ ರೋಗನಿರೋಧಕ ಕೋಶಗಳು ಹೇಗೆ ಕೆರಳುತ್ತವೆ ಎಂದು ಲ್ಯಾಬಿನಲ್ಲಿ ನೋಡಹೊರಟವರು ಮೊದಲು ಮೀಡಿಯಾ (ಕೋಶ ಬೆಳೆಸುವ ದ್ರಾವಣ) ಬಾಟಲಿಯ ಲೇಬಲ್ ಓದಬೇಕು. ಮಾಮೂಲಿ ಮೀಡಿಯಾ ಆರ್‌ಪಿಎಂಐ-1640ರಲ್ಲೇ ಗ್ಲೂಕೋಸ್ 11.1 ಮಿಲಿಮೋಲಾರ್ ಇದೆ. ರಕ್ತಪರೀಕ್ಷೆಯ ಲೆಕ್ಕದಲ್ಲಿ ಅದು 200! ಅದನ್ನೇ ‘ನಾರ್ಮಲ್’ ಎಂದುಕೊಂಡರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಹಾಗಾಗಿ ಟಿಎಚ್‌ಪಿ-1ಗೆ (ಮನುಷ್ಯರ ಬಿಳಿ ರಕ್ತಕೋಶದಿಂದ ಬಂದು ಲ್ಯಾಬಿನಲ್ಲಿ ಬೆಳೆಯುವ ಕೋಶಗಳು) ನಾನು ಬಳಸುವುದು ಗ್ಲೂಕೋಸ್ ಇಲ್ಲದ ಆರ್‌ಪಿಎಂಐ, ಡಯಾಲಿಸಿಸ್ ಮಾಡಿ ಗ್ಲೂಕೋಸ್ ತೆಗೆದ 10% ಸೀರಂ. ಅದೇ ಆರ್‌ಪಿಎಂಐನಲ್ಲಿ 0.5 ಮೋಲಾರ್ ಸ್ಟಾಕ್ ಮಾಡಿಕೊಳ್ಳುತ್ತೇನೆ: 50 ಮಿಲಿಗೆ ಗ್ಲೂಕೋಸ್ 4.5 ಗ್ರಾಂ (ಡಬ್ಬಿಯ ಮೇಲೆ ಮೊನೊಹೈಡ್ರೇಟ್ ಎಂದಿದ್ದರೆ 4.95), ಇನ್ನೊಂದು ಸ್ಟಾಕಿಗೆ ಮ್ಯಾನಿಟಾಲ್ (ಕೋಶಗಳು ಬಳಸದ, ಸಕ್ಕರೆಯಂಥ ಪದಾರ್ಥ) 4.55 ಗ್ರಾಂ. ಬೆಳಗಾವಿಯ ಮಳೆಗಾಲದಲ್ಲಿ ಪುಡಿ ತೇವ ಹೀರಿ ಗಂಟು ಕಟ್ಟುತ್ತದೆ. ಅದನ್ನು ತೂಗಿದರೆ ನೀರನ್ನೂ ಸಕ್ಕರೆಯ ಲೆಕ್ಕಕ್ಕೆ ಸೇರಿಸಿದಂತೆ. ಸ್ಟಾಕನ್ನು ಆಟೋಕ್ಲೇವ್‌ಗೆ (ಹಬೆಯ ಕಾವಿನಿಂದ ಶುದ್ಧಿ ಮಾಡುವ ಯಂತ್ರ) ಇಡಬೇಡಿ, ಕಾವಿಗೆ ಗ್ಲೂಕೋಸ್ ಒಡೆದು ಹುಟ್ಟುವ ಪದಾರ್ಥಗಳೂ ಕೋಶಗಳನ್ನು ಕಾಡುತ್ತವೆ. 0.22 ಮೈಕ್ರಾನ್ ಫಿಲ್ಟರ್ ಸಾಕು.

ಒಟ್ಟು 100 ಮಿಲಿ ಮೀಡಿಯಾದಲ್ಲಿ 1.1 ಮಿಲಿ ಗ್ಲೂಕೋಸ್ ಸ್ಟಾಕ್ ಇದ್ದರೆ 5.5 ಮಿಲಿಮೋಲಾರ್ (ಇದು ನಾರ್ಮಲ್), 5 ಮಿಲಿ ಇದ್ದರೆ 25 (ಇದು ಹೆಚ್ಚು). ಮೂರನೆಯ ಬಾಟಲಿಗೆ 1.1 ಮಿಲಿ ಗ್ಲೂಕೋಸ್, 3.9 ಮಿಲಿ ಮ್ಯಾನಿಟಾಲ್. ದ್ರಾವಣ ಗಟ್ಟಿಯಾದದ್ದಕ್ಕೇ ಕೋಶ ಕೆರಳಿತೋ, ಗ್ಲೂಕೋಸಿಗೋ ಎಂಬುದನ್ನು ಇದಿಲ್ಲದೆ ಹೇಳಲಾಗದು.

ಹೆಚ್ಚಿನವರು ಎಡವುವುದು ಪಿಎಂಎ (ಕೋಶದ ಸ್ವರೂಪ ಬದಲಿಸುವ ರಾಸಾಯನಿಕ) ಹಂತದಲ್ಲಿ. ಮಿಲಿಗೆ 50 ನ್ಯಾನೋಗ್ರಾಂನಂತೆ 48 ಗಂಟೆ ಕೊಟ್ಟರೆ ತೇಲುವ ಕೋಶಗಳು ತಳಕ್ಕೆ ಅಂಟಿ ಚಪ್ಪಟೆಯಾಗುತ್ತವೆ, ಮ್ಯಾಕ್ರೋಫೇಜ್‌ನಂತಾಗುತ್ತವೆ (ರೋಗಾಣು ನುಂಗುವ ಕೋಶ). ಆದರೆ ಪಿಎಂಎ ನೇರವಾಗಿ ಎಬ್ಬಿಸುವುದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು. ಹೆಚ್ಚಿನ ಗ್ಲೂಕೋಸ್ ಕೂಡ ಡೈಅಸೈಲ್‌ಗ್ಲಿಸರಾಲ್ (ಕೋಶದೊಳಗೆ ಸಂಕೇತ ಒಯ್ಯುವ ಕೊಬ್ಬಿನ ಅಣು) ಏರಿಸಿ ಅದನ್ನೇ ಎಬ್ಬಿಸುತ್ತದೆ. ಅಲ್ಲಿಂದ ಆಮ್ಲಜನಕದ ಉಗ್ರ ಕಣಗಳು, ಕೊನೆಗೆ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್ ಎನ್‌ಎಫ್-ಕಪ್ಪಾ-ಬಿ. ಪಿಎಂಎ ಆಗಲೇ ತೆರೆದಿಟ್ಟ ಬಾಗಿಲನ್ನು ಗ್ಲೂಕೋಸ್ ತಟ್ಟಿದರೆ ಗೊತ್ತಾಗುವುದು ಹೇಗೆ? ಎರಡು ಸಲ ತೊಳೆದು 5.5ರಲ್ಲಿ 48 ಗಂಟೆ ಸುಮ್ಮನೆ ಬಿಡಿ. ಆಮೇಲೆ 25ಕ್ಕೆ ಹಾಕಿ ಇನ್ನು 48 ಗಂಟೆ. ದಿನಕ್ಕೊಮ್ಮೆ ಮೀಡಿಯಾ ಬದಲಿಸಲೇಬೇಕು, ಇಲ್ಲವಾದರೆ 5.5ರ ಕೋಶಗಳು ಗ್ಲೂಕೋಸ್ ಮುಗಿಸಿ ಉಪವಾಸ ಬೀಳುತ್ತವೆ, ನೀವು ಹೋಲಿಸುವುದು ಹಸಿವಿನೊಂದಿಗೆ. ಉಗ್ರ ಕಣಗಳನ್ನು ಅಳೆಯುವುದಿದ್ದರೆ ಈ ಕೋಶಗಳ ಮೀಡಿಯಾಕ್ಕೆ ಸೇರಿಸುವ ಬೀಟಾ-ಮರ್ಕ್ಯಾಪ್ಟೊಎಥನಾಲ್ ಬೇಡ, ಅದು ಅವನ್ನು ನುಂಗುತ್ತದೆ.

ನಂತರ ಕೋಶಗಳನ್ನು ಕೆರಳಿಸಲು ಮಿಲಿಗೆ 100 ನ್ಯಾನೋಗ್ರಾಂ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಪದಾರ್ಥ, ಎಂಡೋಟಾಕ್ಸಿನ್ ಎಂದರೂ ಇದೇ). ಫಾಸ್ಫೋ-ಪಿ65 (ಎನ್‌ಎಫ್-ಕಪ್ಪಾ-ಬಿಯ ಎಚ್ಚೆತ್ತ ಭಾಗ) ನೋಡಲು 30 ನಿಮಿಷ, ಉರಿಯೂತದ ಪ್ರೋಟೀನ್ ಟಿಎನ್‌ಎಫ್-ಆಲ್ಫಾಗೆ 6 ಗಂಟೆ. ಅಂಥದ್ದೇ ಇನ್ನೊಂದು ಪ್ರೋಟೀನ್ ಐಎಲ್-1 ಬೀಟಾ ಚೆನ್ನಾಗಿ ಹೊರಬರಬೇಕಾದರೆ ಕೊನೆಯ ಒಂದು ಗಂಟೆ 5 ಮಿಲಿಮೋಲಾರ್ ಎಟಿಪಿ ಬೇಕು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಗುರುತಿಸುವ ಪರೀಕ್ಷೆ) ಜಿಎಪಿಡಿಎಚ್ ಅನ್ನು ಲೋಡಿಂಗ್ ಕಂಟ್ರೋಲ್ (ಎಲ್ಲ ಮಾದರಿಯೂ ಸಮವಾಗಿ ಬಿದ್ದಿದೆಯೇ ಎಂದು ನೋಡುವ ಪ್ರೋಟೀನ್) ಮಾಡಬೇಡಿ. ಅದೇ ಗ್ಲೂಕೋಸ್ ಒಡೆಯುವ ಕಿಣ್ವ, ಸಕ್ಕರೆ ಏರಿದಾಗ ಅದೂ ಅಲುಗಾಡಬಹುದು. ನಾನು ಬೀಟಾ-ಆಕ್ಟಿನ್ ಜೊತೆ ಒಟ್ಟು ಪಿ65 ಇಟ್ಟುಕೊಳ್ಳುತ್ತೇನೆ.

ಎಲ್‌ಪಿಎಸ್ ಕೊಡದ ವೆಲ್‌ನಲ್ಲೂ (ಕೋಶ ಬೆಳೆಸುವ ತಟ್ಟೆಯ ಗುಳಿ) ಟಿಎನ್‌ಎಫ್ ಜೋರಾಗಿ ಕಂಡರೆ ಹಿಗ್ಗಬೇಡಿ. ಗ್ಲೂಕೋಸ್ ಪುಡಿಯಲ್ಲೇ ಎಂಡೋಟಾಕ್ಸಿನ್ ಇರಬಹುದು, ಫಿಲ್ಟರ್ ಅದನ್ನು ತಡೆಯದು. ಅಂಥದ್ದೇ ವೆಲ್‌ಗೆ ಎಂಡೋಟಾಕ್ಸಿನ್ ಹಿಡಿದಿಡುವ ಪಾಲಿಮಿಕ್ಸಿನ್ ಬಿ ಮಿಲಿಗೆ 10 ಮೈಕ್ರೋಗ್ರಾಂ ಹಾಕಿ ಇನ್ನೊಮ್ಮೆ ಮಾಡಿ. ಟಿಎನ್‌ಎಫ್ ಇಳಿಯಿತೆಂದರೆ ಆ ಡಬ್ಬಿಯನ್ನು ಬದಿಗಿಡಿ.